ಕೀಬೋರ್ಡಿನ ಬಾಯಿ ಮುಚ್ಚಿಸೋಕೆ ಹೋಗಿ ನಾಲ್ಕು ವಾರ

ನಮ್ಮನೇಲಿ ಎಂಟು ತಿಂಗಳ ಮಗು ಇದೆ. ತೊಟ್ಟಿಲು ಇರೋದು ರೂಮಲ್ಲಿ, ನನ್ನ ಟೇಬಲ್ಲು ಇರೋದು ಹಾಲಲ್ಲಿ, ಮಧ್ಯ ಒಂದೇ ಗೋಡೆ, ಅದೂ ಬಾಡಿಗೆ ಮನೆ ನಾಲ್ಕೂವರೆ ಇಂಚಿನ ಗೋಡೆ. ರಾತ್ರಿ ಒಂಬತ್ತೂವರೆಗೆ ಮಗು ಮಲಗಿದ್ಮೇಲೆ ನಾನು ಕೂತ್ಕೊಂಡು ಕನ್ನಡ ಟೈಪಿಂಗ್ ಕೆಲಸ ಮಾಡ್ತೀನಿ, ಪ್ರೂಫ್ ತಿದ್ದೋದು, ಹಳೇ ಫಾಂಟಲ್ಲಿರೋ ಫೈಲು ಯೂನಿಕೋಡಿಗೆ ಹಾಕ್ದಾಗ ಕೆಟ್ಟುಹೋಗಿರೋದನ್ನ ಮತ್ತೆ ಕುಟ್ಟೋದು, ಇಂಥವು. ಹತ್ತು ನಿಮಿಷ ಆಗ್ತಿದ್ದಂಗೆ ಒಳಗಿಂದ ಸಣ್ಣಗೆ ಕುಂಯ್ ಅನ್ನೋದು, ಆಮೇಲೆ ನನ್ ಹೆಂಡ್ತಿ ಬಾಗಿಲು ತೆಗೆದು ಏನೂ ಮಾತಾಡ್ದೆ ಸುಮ್ನೆ ನನ್ನ ನೋಡೋದು. ಬೈದಿದ್ರೆ ಪರ್ವಾಗಿರ್ಲಿಲ್ಲ.

ತಪ್ಪು ನಂದೇ, ಬ್ಲೂ ಸ್ವಿಚ್ಚಿನ ಕೀಬೋರ್ಡು, ಅಂದ್ರೆ ಒಂದೊಂದು ಕೀ ಕೆಳಗೂ ಒಂದೊಂದು ಸ್ವಿಚ್ಚು, ಒತ್ತಿದಾಗೆಲ್ಲ ಟಕ್ ಅನ್ನೋ ಜಾತಿದು. ನಾನು ಟೈಪಿಂಗ್ ಕಲ್ತಿದ್ದು ಊರಿನ ಡಿಟಿಪಿ ಸೆಂಟರಲ್ಲಿ, ಟಿವಿಎಸ್ ಗೋಲ್ಡ್ ಕೀಬೋರ್ಡ್ ಮೇಲೆ, ಅದರೊಳಗೆ ಇದ್ದಿದ್ದೂ ಚೆರ್ರಿ ಕಂಪನಿ ಬ್ಲೂ ಸ್ವಿಚ್ಚೇ. ಆ ಟಕ್ ಟಕ್ ಕಿವೀಲಿ ಕೂತ್ಬಿಟ್ಟಿದೆ, ಅದಿಲ್ಲದ ಕೀಬೋರ್ಡಲ್ಲಿ ಟೈಪ್ ಮಾಡಿದ್ರೆ ಒಗ್ಗರಣೆ ಹಾಕದೆ ಇರೋ ಸಾರು ಉಂಡಂಗೆ ಆಗುತ್ತೆ ನಂಗೆ. ಹಂಗಾಗಿ ಎರಡು ವರ್ಷದ ಹಿಂದೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಒಂದು ತಗೊಂಡೆ, 87 ಕೀದು, ಚೆರ್ರಿ ಅಲ್ಲ, ಅದರದೇ ಕಾಪಿ ಹೊಡೆದಿರೋ ಬ್ಲೂ, ಆದ್ರೆ ಹಾಟ್ ಸ್ವಾಪ್ ಇತ್ತು, ಅಂದ್ರೆ ಸೋಲ್ಡರಿಂಗ್ ಇಲ್ದೆ ಸ್ವಿಚ್ಚು ಕಿತ್ತು ಬೇರೆ ಹಾಕ್ಬಹುದು. ಅದೊಂದು ಪುಣ್ಯ. ಆಫೀಸ್ ಕಾಲಲ್ಲಿ ಒಬ್ರು ಒಂದಿನ ಕೇಳಿದ್ರು, ನಿಮ್ ಹಿಂದೆ ಯಾರಾದ್ರೂ ಕಡ್ಲೆಕಾಯಿ ಸುಲೀತಿದಾರಾ ಅಂತ.

ಇಲ್ಲೊಂದು ವಿಷ್ಯ, ಕನ್ನಡ ಟೈಪ್ ಮಾಡೋರಿಗೆ ಮಾತ್ರ ಗೊತ್ತಾಗೋದು. ನಾನು ಬಳಸೋದು ಕೆ.ಪಿ. ರಾವ್ ಅವರ ಲೇಔಟು, ನುಡಿ ಸಾಫ್ಟ್‌ವೇರಲ್ಲಿ ಇರೋದು. ಅದ್ರಲ್ಲಿ ದೀರ್ಘಕ್ಕೆಲ್ಲ ಶಿಫ್ಟು, ಮಹಾಪ್ರಾಣಕ್ಕೆ ಶಿಫ್ಟು, ಣ ಗೂ ಳ ಗೂ ಶಿಫ್ಟು, ಒತ್ತಕ್ಷರ ಬಂದ್ರೆ ಮಧ್ಯ ಎಫ್ ಒತ್ಬೇಕು. ಬಾಳೆಹಣ್ಣು ಅಂತ ಹೊಡೆದು ನೋಡಿ. ಬಿ, ಶಿಫ್ಟ್ ಎ, ಶಿಫ್ಟ್ ಎಲ್, ಇ, ಎಚ್, ಶಿಫ್ಟ್ ಎನ್, ಎಫ್, ಶಿಫ್ಟ್ ಎನ್, ಯು. ಒಂಬತ್ತು ಅಕ್ಷರದ ಕೀ, ಅದರ ಜೊತೆ ನಾಲ್ಕು ಸಲ ಶಿಫ್ಟು. ಇಂಗ್ಲಿಷ್ ಹೊಡೆಯೋರಿಗೆ ಸ್ಪೇಸ್ ಬಾರೇ ದೊಡ್ಡ ತಲೆನೋವು, ಎಲ್ಲಾ ವೀಡಿಯೋದಲ್ಲೂ ಅದನ್ನೇ ತೋರಿಸ್ತಾರೆ, ನಮಗೆ ತಲೆನೋವು ಎಡಗಡೆ ಶಿಫ್ಟು. ನನ್ ಕೀಬೋರ್ಡಲ್ಲಿ ಆ ಶಿಫ್ಟು ಒತ್ತಿದ್ರೆ ಸ್ಟೀಲ್ ಡಬ್ಬೀಲಿ ಚಮಚ ಅಲ್ಲಾಡಿಸಿದಂಗೆ ಆಗೋದು. ಆದ್ರೆ ಶುರುನಲ್ಲಿ ನಂಗೆ ಅದು ಕೇಳಿಸ್ತಾನೇ ಇರ್ಲಿಲ್ಲ, ಬ್ಲೂ ಗಲಾಟೆಲಿ ಮುಚ್ಚೋಗಿತ್ತು.

ಟೆಸ್ಟಿಗೆ ಬಾಳೆಹಣ್ಣನ್ನೇ ಇಟ್ಕೊಂಡೆ. ಹೆಂಡ್ತಿ ಮಗು ಇಬ್ರೂ ಟೆರೇಸಿಗೆ ಹೋಗಿದ್ದಾಗ ತೊಟ್ಟಿಲೊಳಗೆ ಫೋನ್ ಇಟ್ಟು, ರೆಕಾರ್ಡಿಂಗ್ ಆನ್ ಮಾಡಿ, ಬಾಗಿಲು ಹಾಕಿ, ಹಾಲಲ್ಲಿ ಕೂತು ಹತ್ತು ಸಲ ಬಾಳೆಹಣ್ಣು. ಫೋನಿನ ಸೌಂಡ್ ಮೀಟರ್ ಆ್ಯಪ್ ತೋರಿಸೋ ನಂಬರ್ ಅಷ್ಟಕ್ಕಷ್ಟೇ, ಮೈಕು ಒಂದೊಂದು ಫೋನಲ್ಲಿ ಒಂದೊಂದು ಥರ, ಆದ್ರೆ ಅದೇ ಫೋನು ಅದೇ ಜಾಗದಲ್ಲಿ ಇಟ್ರೆ ಮೊನ್ನೆದಕ್ಕೂ ಇವತ್ತಿಗೂ ಹೋಲಿಸಬಹುದು. ಡೆಸಿಬೆಲ್ ಲೆಕ್ಕ ಸ್ವಲ್ಪ ಮೋಸ, ಹತ್ತು ಕಮ್ಮಿ ಆದ್ರೆ ಕಿವಿಗೆ ಹತ್ರ ಹತ್ರ ಅರ್ಧ ಆದಂಗೆ ಕೇಳುತ್ತೆ, ಎರಡು ಮೂರು ಕಮ್ಮಿ ಆದ್ರೆ ನಮ್ಗೆ ಖುಷಿ ಅಷ್ಟೇ, ಮಗುಗೆ ಗೊತ್ತಾಗಲ್ಲ. ಮೊದಲ್ನೇ ರೆಕಾರ್ಡಿಂಗಲ್ಲಿ ಟಕ್ ಟಕ್ ಇತ್ತು, ಆದ್ರೆ ತೆಳ್ಳಗೆ, ಬಾಗಿಲ ಸಂದಿಯಿಂದ ಬಂದಿದ್ದು. ಅದರ ಕೆಳಗೆ ದಬ ದಬ ಅಂತ ಒಂದು ಮಂಕು ಶಬ್ದ. ಅದೂ ಸ್ವಿಚ್ಚಿಂದೇ ಬಿಡು ಅಂದ್ಕೊಂಡು ಮುಂದೆ ಹೋದೆ. ಅವತ್ತೇ ಸರಿಯಾಗಿ ಕೇಳಿಸ್ಕೊಂಡಿದ್ರೆ ಮೂರು ವಾರ ಉಳೀತಿತ್ತು.

ಮೊದಲು ಮಾಡಿದ್ದು ಎಲ್ರೂ ಮಾಡೋದೇ, ಓ ರಿಂಗು. ಕೀಕ್ಯಾಪ್ ಕಿತ್ತು ಅದರ ಕೆಳಗಿನ ಕೊಳವೆಗೆ ಸಣ್ಣ ರಬ್ಬರ್ ಬಳೆ ತೊಡಿಸೋದು, ಕೀ ತಳಕ್ಕೆ ಬಡಿಯೋವಾಗ ರಬ್ಬರ್ ಮೇಲೆ ಬೀಳ್ಲಿ ಅಂತ. ಒಂದು ಭಾನುವಾರ ಮಧ್ಯಾಹ್ನ ಪೂರ್ತಿ ಕೂತು ತೊಡಿಸಿದೆ. ಸೌಂಡಲ್ಲಿ ಏನೂ ವ್ಯತ್ಯಾಸ ಇಲ್ಲ, ಒತ್ತೋಕೆ ಮಾತ್ರ ಕೆಸರಲ್ಲಿ ಬೆರಳು ಇಟ್ಟಂಗೆ. ಯಾಕೆ ಅಂತ ತಿಳ್ಕೊಳ್ಳೋಕೆ ಒಂದು ಸ್ವಿಚ್ ಕಿತ್ತು ಬಿಚ್ಚಿದೆ, ಅದನ್ನ ಮೊದಲೇ ಮಾಡ್ಬೇಕಿತ್ತು.

ಬಿಚ್ಚೋದು ಕಷ್ಟ ಇಲ್ಲ, ನಾಲ್ಕು ಕ್ಲಿಪ್ ಇರುತ್ತೆ, ಓಪನರ್ ಇದ್ರೆ ಒಂದು ಒತ್ತು, ಇಲ್ದಿದ್ರೆ ಸಣ್ಣ ಸ್ಕ್ರೂಡ್ರೈವರ್. ಮೇಲಿನ ಹೌಸಿಂಗು, ಕೆಳಗಿನ ಹೌಸಿಂಗು ಅಂದ್ರೆ ಪ್ಲಾಸ್ಟಿಕ್ ಗೂಡಿನ ಎರಡು ಭಾಗ, ಸ್ಪ್ರಿಂಗು, ತಾಮ್ರದ ಬಣ್ಣದ ಲೀಫು ಅನ್ನೋ ಲೋಹದ ಪಟ್ಟಿ, ಮತ್ತೆ ಕೀ ಜೊತೆ ಮೇಲೆ ಕೆಳಗೆ ಓಡಾಡೋ ಸ್ಟೆಮ್ಮು. ಬೇರೆ ಸ್ವಿಚ್ಚಲ್ಲಿ ಸ್ಟೆಮ್ಮು ಒಂದೇ ತುಂಡು, ಬ್ಲೂನಲ್ಲಿ ಎರಡು. ನೀಲಿ ತುಂಡಿನ ಸುತ್ತ ಬಿಳಿ ಜಾಕೆಟ್ಟು, ಸಡಿಲವಾಗಿ ಮೇಲೆ ಕೆಳಗೆ ಓಡಾಡುತ್ತೆ. ಕೀ ಒತ್ತಿದಾಗ ಬಿಳಿ ಜಾಕೆಟ್ಟು ಲೀಫಿನ ಉಬ್ಬಿಗೆ ಸಿಕ್ಕಾಕ್ಕೊಂಡು ತಡೆಯುತ್ತೆ, ನೀಲಿ ಇನ್ನೂ ಇಳೀತಾ ಇರುತ್ತೆ, ಒಂದು ಹಂತದಲ್ಲಿ ಜಾಕೆಟ್ಟು ಉಬ್ಬು ದಾಟಿ ಚಿಮ್ಮಿ ಕೆಳಗೆ ಬಡಿಯುತ್ತೆ, ಆ ಬಡಿತಾನೇ ಟಕ್. ಅಂದ್ರೆ ನಾಲ್ಕು ಮಿಲಿಮೀಟರ್ ದಾರೀಲಿ ಮಧ್ಯದಲ್ಲೇ ಶಬ್ದ ಆಗೋಗಿರುತ್ತೆ, ಓ ರಿಂಗು ಕಾಯ್ಕೊಂಡು ಕೂತಿರೋದು ತಳದಲ್ಲಿ. ಕಳ್ಳ ಮುಂಬಾಗಿಲಲ್ಲಿ, ವಾಚ್‌ಮನ್ ಹಿತ್ತಲಲ್ಲಿ. ಬೆರಳಿಂದ ನಿಧಾನವಾಗಿ ಅದನ್ನ ಒತ್ತಿ ಬಿಟ್ಟು ಒತ್ತಿ ಬಿಟ್ಟು ನೋಡ್ತಾ ಒಂದರ್ಧ ಗಂಟೆ ಕಳೆದೆ. ಒತ್ತುವಾಗ ಟಕ್, ಬಿಡುವಾಗ ಇಲ್ಲ. ಇಷ್ಟು ವರ್ಷ ಕುಟ್ಟಿದೀನಿ, ಇದು ಗೊತ್ತೇ ಇರ್ಲಿಲ್ಲ.

ಆಮೇಲೆ ಮಾಡಿದ್ದು ದಡ್ಡತನ, ಹೇಳ್ಕೊಳ್ಳೋಕೂ ನಾಚಿಕೆ. ಮನೇಲಿ ಹೊಲಿಗೆ ಮಷಿನ್ ಎಣ್ಣೆ ಇತ್ತು. ಜಾಕೆಟ್ಟಿಗೆ ಒಂದು ತೊಟ್ಟು ಬಿಟ್ರೆ ಬಡಿತ ಮೆತ್ತಗಾಗ್ಬಹುದು ಅನ್ಕೊಂಡು ಎಫ್ ಕೀಗೆ ಬಿಟ್ಟೆ. ಮೂರು ದಿನ ಚೆನ್ನಾಗೇ ಇತ್ತು, ಟಕ್ ಹೋಗಿ ಟಪ್ ಆಗಿತ್ತು, ಇನ್ನು 86 ಕೀಗೂ ಬಿಟ್ಬಿಡೋಣ ಅಂತಿದ್ದೆ. ನಾಲ್ಕನೇ ದಿನ ಎಫ್ ಒಂದ್ಸಲ ಒತ್ತಿದ್ರೆ ಎರಡ್ಸಲ ಬೀಳೋಕೆ ಶುರು. ಎಫ್ ಎರಡ್ಸಲ ಬಿದ್ರೆ ಏನಾಗುತ್ತೆ ಅಂದ್ರೆ ಒತ್ತಕ್ಷರ ಕೂಡಲ್ಲ, ಹಣ್ಣು ಹೋಗಿ ಹಣ್‌ಣು, ಅಮ್ಮ ಹೋಗಿ ಅಮ್‌ಮ. ಎರಡು ಪುಟ ಹಂಗೇ ಕುಟ್ಟಿದ್ಮೇಲೆ ನೋಡಿದೆ. ತೆಳು ಎಣ್ಣೆ ಇದ್ದ ಕಡೆ ಇರಲ್ಲ, ಹರ್ಕೊಂಡು ಲೀಫಿನ ಕಾಂಟ್ಯಾಕ್ಟಿಗೆ ಹೋಗಿ ಕೂತಿತ್ತು. ಆ ಸ್ವಿಚ್ಚು ಎಸೆದೆ. ಯಾರಾದ್ರೂ ತೆಂಗಿನೆಣ್ಣೆ, ವ್ಯಾಸಲೀನು, ಬಾಗಿಲಿಗೆ ಹೊಡೆಯೋ ಸ್ಪ್ರೇ ಅಂತ ಯೋಚಿಸ್ತಿದ್ರೆ ಬೇಡ, ದಯವಿಟ್ಟು.

ಎರಡನೇ ವಾರ. ಬ್ಲೂ ಅಂತೂ ಬಿಡ್ಲೇಬೇಕು ಅಂತ ಗಟ್ಟಿ ಮಾಡ್ಕೊಂಡೆ. ಫ್ರೆಂಡ್ ಹತ್ರ ಒಂದು ಸೆಟ್ ಬ್ರೌನ್ ಸ್ವಿಚ್ಚು ಸುಮ್ನೆ ಬಿದ್ದಿತ್ತು, ಅವನು ಕೊಟ್ಟ, ಜೊತೆಗೆ ಅರ್ಧ ಡಬ್ಬಿ ಕ್ರೈಟಾಕ್ಸ್ 205 ಗ್ರೇಡ್ ಸೊನ್ನೆ ಅನ್ನೋ ಗ್ರೀಸೂ ಕೊಟ್ಟ. ಬ್ರೌನಲ್ಲಿ ಜಾಕೆಟ್ಟು ಇಲ್ಲ, ಟಕ್ ಇಲ್ಲ, ಸಣ್ಣ ಉಬ್ಬು ಮಾತ್ರ ಬೆರಳಿಗೆ ತಾಗುತ್ತೆ. ಹಂಗೇ ಹಾಕಿದ್ರೆ ಎರಡು ಥರ ಶಬ್ದ, ಒಂದು ಪ್ಲಾಸ್ಟಿಕ್ ಉಜ್ಜೋ ಕರ ಕರ, ಇನ್ನೊಂದು ಸ್ಪ್ರಿಂಗಿನ ಕಿಣಿ ಕಿಣಿ. ಎರಡಕ್ಕೂ ಮದ್ದು ಲ್ಯೂಬ್, ಅಂದ್ರೆ ಜಾರೋಕೆ ಗ್ರೀಸು ಹಚ್ಚೋದು.

ಈ ಕ್ರೈಟಾಕ್ಸ್ ಬಗ್ಗೆ ಎರಡು ಮಾತು. ಬೆಣ್ಣೆ ಥರ ಬೆಳ್ಳಗೆ ಇರುತ್ತೆ, ಫ್ಲೋರಿನ್ ಇರೋ ಎಣ್ಣೆಗೆ ಟೆಫ್ಲಾನ್ ಪುಡಿ ಸೇರಿಸಿ ಗಟ್ಟಿ ಮಾಡಿರೋದು, ಪ್ಲಾಸ್ಟಿಕ್ಕನ್ನ ತಿನ್ನಲ್ಲ, ಒಣಗಲ್ಲ, ಹರಿಯಲ್ಲ, ಅದಕ್ಕೇ ಆ ರೇಟು. ಚಿತ್ರ ಬರೆಯೋ ಸೊನ್ನೆ ನಂಬರ್ ಬ್ರಷ್ಷಲ್ಲಿ ತಗೊಂಡು ಡಬ್ಬಿ ಅಂಚಿಗೆ ಒರೆಸಿ, ಬ್ರಷ್ಷಲ್ಲಿ ಇನ್ನೇನೂ ಇಲ್ಲ ಅನ್ನಿಸಿದ್ಮೇಲೆ ಹಚ್ಬೇಕು. ಕೆಳಗಿನ ಹೌಸಿಂಗಲ್ಲಿ ಸ್ಟೆಮ್ ಜಾರೋ ಎರಡು ಹಳಿ, ಸ್ಟೆಮ್ಮಿನ ಎರಡು ಪಕ್ಕ, ಸ್ಪ್ರಿಂಗಿನ ಎರಡು ತುದಿ, ಅಷ್ಟೇ. ಬ್ರೌನ್ ಸ್ಟೆಮ್ಮಿಗೆ ಲೀಫ್ ಕಡೆ ಎರಡು ಕಾಲು ಇರುತ್ತಲ್ಲ, ಅದಕ್ಕೆ ಮುಟ್ಟಿಸಬಾರ್ದು, ಮುಟ್ಟಿಸಿದ್ರೆ ಉಬ್ಬು ಕರಗೋಗುತ್ತೆ. ನಾನು ಮೊದಲ್ನೇ ಹತ್ತು ಸ್ವಿಚ್ಚಿಗೆ ದೋಸೆ ಕಾವಲಿಗೆ ಎಣ್ಣೆ ಸವರಿದಂಗೆ ಎಲ್ಲಾ ಕಡೆ ಸವರಿದೆ. ಒತ್ತಿದ್ರೆ ಹೋಗ್ತಿದ್ವು, ಮೇಲೆ ಬರೋಕೆ ಯೋಚ್ನೆ ಮಾಡ್ತಿದ್ವು. ತೊಳೆಯೋಣ ಅಂತ ಮೊಬೈಲ್ ರಿಪೇರಿಯವ್ರು ಬಳಸೋ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತಂದೆ, ಅದಕ್ಕೆ ಕರಗೋದೇ ಇಲ್ಲ ಇದು, ಕೊನೆಗೆ ಟಿಶ್ಯೂ ಪೇಪರನ್ನ ಬತ್ತಿ ಥರ ಹೊಸೆದು ಒಂದೊಂದೇ ಒರೆಸಿದೆ. ಇನ್ನೊಂದು, ಸಿಗರೇಟ್ ಸೇದೋರು ಇದನ್ನ ಮುಟ್ಟಿದ ಕೈ ಸೋಪಲ್ಲಿ ತೊಳೆದೇ ಹೋಗಿ, ಬೆಂಕಿಗೆ ಬಿದ್ರೆ ಇದರ ಹೊಗೆ ವಿಷ.

ಒಂದು ಸ್ವಿಚ್ಚಿಗೆ ಎರಡು ಮೂರು ನಿಮಿಷ, 87ಕ್ಕೆ ಲೆಕ್ಕ ಹಾಕಿ. ನಾಲ್ಕು ರಾತ್ರಿ ಹಿಡೀತು. ಸ್ಪ್ರಿಂಗುಗಳಿಗೆ ಮಾತ್ರ ಒಂದು ಶಾರ್ಟ್ ಕಟ್ ಇದೆ, ಎಲ್ಲಾನೂ ಒಂದು ಜಿಪ್ ಕವರಿಗೆ ಹಾಕಿ, ಕ್ರೈಟಾಕ್ಸ್ 105 ಅನ್ನೋ ತೆಳು ಎಣ್ಣೆ ಒಂದೈದಾರು ಹನಿ ಬಿಟ್ಟು, ಗಾಳಿ ತುಂಬಿಸಿ ಕಟ್ಟಿ ಚುರುಮುರಿ ಕಲಸೋರ ಥರ ಅಲ್ಲಾಡಿಸೋದು. ಬಿಡಿಸ್ಕೊಳ್ಳೋವಾಗ ಒಂದಕ್ಕೊಂದು ಹೆಣ್ಕೊಂಡಿರ್ತವೆ, ತಾಳ್ಮೆ ಬೇಕು.

ಎಲ್ಲಾ ಹಾಕಿ ಕೂತು ಹೊಡೆದ್ರೆ, ಅಬ್ಬಾ. ಕರ ಕರ ಇಲ್ಲ, ಕಿಣಿ ಕಿಣಿ ಇಲ್ಲ, ಮಳೆ ಹನಿ ಹೆಂಚಿನ ಮೇಲೆ ಬಿದ್ದಂಗೆ. ಹೆಂಡ್ತೀನ ಕರ್ದೆ. ಕೇಳಿಸ್ಕೊಂಡ್ಳು. "ಸೌಂಡು ಚೇಂಜ್ ಆಗಿದೆ, ಕಮ್ಮಿ ಆಗಿಲ್ಲ" ಅಂದು ಹೋದ್ಳು. ರೆಕಾರ್ಡಿಂಗ್ ಹಾಕಿ ನೋಡಿದೆ, ಅವಳದ್ದೇ ಸರಿ. ಟಕ್ ಹೋಗಿತ್ತು, ದಬ ದಬ ಹಂಗೇ ಇತ್ತು.

ಇದೊಂದು ಗೊಂದಲ ಈ ಕೀಬೋರ್ಡ್ ಹುಚ್ಚಿನ ಜನಗಳಲ್ಲಿ ತುಂಬಾ ಇದೆ. ಥಾಕ್ ಥಾಕ್ ಅಂತ ಬರೋ ಆ ಇಂಪಾದ ಸೌಂಡಿಗೋಸ್ಕರ ಲ್ಯೂಬ್ ಮಾಡ್ತಾರೆ, ಫಿಲ್ಮ್ ಹಾಕ್ತಾರೆ, ಟೇಪ್ ಅಂಟಿಸ್ತಾರೆ, ಅದು ಶಬ್ದ ಚೆಂದ ಮಾಡೋ ಕೆಲಸ, ಕಮ್ಮಿ ಮಾಡೋ ಕೆಲಸ ಅಲ್ಲ. ಕೀ ತಳಕ್ಕೆ ಬಡಿದಾಗ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬಡೀತು, ಮೇಲೆ ಬಂದಾಗ ಸ್ಟೆಮ್ಮು ಮೇಲಿನ ಹೌಸಿಂಗಿಗೆ ಬಡೀತು, ಗ್ರೀಸ್ ಎಷ್ಟು ಹಚ್ಚಿದ್ರೂ ಆ ಎರಡು ಏಟು ಇದ್ದೇ ಇರುತ್ತೆ. ಮೇಲೆ ಬರೋವಾಗಿನ ಏಟು ನಾವು ಲೆಕ್ಕಕ್ಕೇ ಇಡಲ್ಲ. ಒಂದು ಕೀ ನಿಧಾನವಾಗಿ ತಳದ ತನಕ ಒತ್ತಿ ಹಿಡ್ಕೊಂಡು ಪಟ್ ಅಂತ ಬೆರಳು ತೆಗೀರಿ, ಗೊತ್ತಾಗುತ್ತೆ.

ಎರಡೂ ಏಟಿಗೆ ಇರೋ ಮದ್ದು ಸೈಲೆಂಟ್ ಸ್ವಿಚ್ಚು. ಸ್ಟೆಮ್ಮಿಗೇ ಮೇಲೂ ಕೆಳಗೂ ಮೆತ್ತನೆ ರಬ್ಬರ್ ಕೂರ್ಸಿರ್ತಾರೆ. ಚೆರ್ರಿಯವ್ರ ಸೈಲೆಂಟ್ ರೆಡ್ಡಲ್ಲಿ ನಾಲ್ಕು ಮಿಲಿಮೀಟರ್ ಹೋಗ್ಬೇಕಾದ ಸ್ಟೆಮ್ಮು 3.7ಕ್ಕೆ ನಿಲ್ಲುತ್ತೆ, ಆ ರಬ್ಬರ್ ತಿಂದಿರೋ ಜಾಗ ಅದು. ನಾನು ತರ್ಸಿದ್ದು ಬೇರೆ ಕಂಪನಿದು, ಲೀನಿಯರ್ ಅಂದ್ರೆ ಉಬ್ಬು ಇಲ್ಲದ್ದು, 90 ಪೀಸು, ಕೀಬೋರ್ಡಿಗೆ ಕೊಟ್ಟಿದ್ದಕ್ಕಿಂತ ಸ್ವಿಚ್ಚಿಗೇ ಜಾಸ್ತಿ ಆಯ್ತು, ಮನೇಲಿ ಅರ್ಧ ರೇಟು ಹೇಳಿದೀನಿ. ಇದಕ್ಕೂ ಲ್ಯೂಬ್ ಮಾಡಿದೆ, ರಬ್ಬರಿಗೆ ಮಾತ್ರ ತಾಗಿಸ್ಲಿಲ್ಲ. ಕೈಗೆ ಹೆಂಗಿದೆ ಅಂದ್ರೆ ಬಿಸಿ ಇಡ್ಲಿ ಒತ್ತಿದಂಗೆ, ಮೊದಲೆರಡು ದಿನ ಅಳು ಬಂತು, ಈಗ ಒಗ್ಗಿದೆ.

ಹಾಕೋವಾಗ ಒಂದು ಎಡವಟ್ಟು. ಈ ಸ್ವಿಚ್ಚಿಗೆ ಐದು ಕಾಲು, ನನ್ನ ಕೀಬೋರ್ಡೊಳಗಿನ ಸರ್ಕ್ಯೂಟ್ ಬೋರ್ಡಲ್ಲಿ ಮೂರಕ್ಕೇ ತೂತು. ಲೋಹದ ಪಿನ್ನು ಎರಡು, ನಡು ದಪ್ಪ ಗೂಟ ಒಂದು ಬಿಟ್ಟು ಉಳಿದ ಎರಡು ಸಣ್ಣ ಪ್ಲಾಸ್ಟಿಕ್ ಕಾಲನ್ನ ನೈಲ್ ಕಟರಲ್ಲಿ ಕತ್ತರಿಸ್ಬೇಕು, 87 ಸಲ, ಮಗು ಉಗುರು ಕತ್ತರಿಸೋ ಕಟರಲ್ಲಿ ಮಾಡಿ ಬೈಸ್ಕೊಂಡಿದ್ದು ಬೇರೆ. ಆ ಬೇಜಾರಲ್ಲಿ ಎಲ್ ಕೀದು ಪಿನ್ನು ಬಗ್ಗಿರೋದು ನೋಡ್ದೆ ಹೆಬ್ಬೆಟ್ಟಲ್ಲಿ ಜೋರಾಗಿ ಒತ್ಬಿಟ್ಟೆ, ಹಿಂದಿದ್ದ ಸಾಕೆಟ್ಟು ಸೋಲ್ಡರ್ ಸಮೇತ ಎದ್ದು ಬಂತು. ಎರಡು ದಿನ ಲ ನೂ ಇಲ್ಲ, ಳ ನೂ ಇಲ್ಲ. ಬಾಳೆಹಣ್ಣು ಹೋಗ್ಲಿ, ಇಲ್ಲ ಅಂತ ಹೇಳೋಕೂ ಆಗ್ತಿರ್ಲಿಲ್ಲ. ಪುಣ್ಯಕ್ಕೆ ಬೋರ್ಡಿನ ತಾಮ್ರದ ಪ್ಯಾಡು ಕಿತ್ತಿರ್ಲಿಲ್ಲ, 25 ವ್ಯಾಟ್ ಐರನ್ನಲ್ಲಿ ಮತ್ತೆ ಕೂರ್ಸಿದೆ. ಈ ಕೈಲ್ (Kailh) ಕಂಪನಿ ಸಾಕೆಟ್ಟುಗಳಿಗೆ ಅವ್ರೇ ಹೇಳೋ ಆಯಸ್ಸೇ ನೂರು ಸಲ ಹಾಕಿ ತೆಗೆಯೋದು, ಅದೂ ನೇರವಾಗಿ ಹಾಕಿದ್ರೆ. ಹಾಕೋವಾಗ ಹಿಂದುಗಡೆ ಬೆರಳು ಕೊಟ್ಟು ಹಿಡ್ಕೊಳ್ಳಿ.

ಮದುವೆ ಮನೇಲಿ ಓಲಗ ನಿಂತ ತಕ್ಷಣ ಹೆಂಗಸರ ಮಾತೆಲ್ಲ ಕೇಳೋಕೆ ಶುರುವಾಗುತ್ತಲ್ಲ, ಹಂಗಾಯ್ತು. ಅಕ್ಷರದ ಕೀಗಳು ಬಾಯಿ ಮುಚ್ಚಿದ್ವು, ಈಗ ಎಡ ಶಿಫ್ಟಿನ ಚಮಚ ಡಬ್ಬಿ ಶಬ್ದ ರಾಜಾರೋಷವಾಗಿ ಕೇಳ್ತಿದೆ. ಅದು ಸ್ವಿಚ್ಚಿಂದಲ್ಲ, ಸ್ಟೆಬಿಲೈಸರ್‌ದು. ಉದ್ದ ಕೀಗಳು ಒಂದು ಕಡೆ ಒತ್ತಿದ್ರೆ ಇನ್ನೊಂದು ಕಡೆ ಏಳ್ಬಾರ್ದು ಅಂತ ಕೆಳಗೆ ಒಂದು ತಂತಿ, ಎರಡು ತುದಿಗೂ ಪ್ಲಾಸ್ಟಿಕ್ ಗೂಡು, ಗೂಡೊಳಗೆ ಓಡಾಡೋ ಸಣ್ಣ ಸ್ಟೆಮ್ಮು. ಬ್ಯಾಕ್‌ಸ್ಪೇಸು, ಎಂಟರ್ರು, ಎರಡು ಶಿಫ್ಟು, ಸ್ಪೇಸ್ ಬಾರು, ಒಟ್ಟು ಐದು. ಬೋರ್ಡಿಗೇ ಸಿಕ್ಕಿಸಿರೋ ಜಾತಿದು ನಂದು, ಹಂಗಾಗಿ ಹಾಕಿದ್ದ ಸ್ವಿಚ್ಚೆಲ್ಲ ಮತ್ತೆ ಕಿತ್ತು, ಸ್ಕ್ರೂ ಬಿಚ್ಚಿ, ಸ್ವಿಚ್ಚು ಹಿಡ್ಕೊಂಡಿರೋ ಪ್ಲೇಟ್ ಎತ್ತಿದ್ಮೇಲೇ ಅದು ಕೈಗೆ ಬರೋದು. ಮೊದಲೇ ಯೋಚ್ನೆ ಮಾಡಿದ್ರೆ ಒಂದೇ ಸಲಕ್ಕೆ ಮುಗೀತಿತ್ತು, ಸಾಕೆಟ್ಟಿನ ಆಯಸ್ಸೂ ಉಳೀತಿತ್ತು.

ಎಡ ಶಿಫ್ಟಿನ ತಂತಿ ತೆಗೆದು ಮುಖ ನೋಡೋ ಕನ್ನಡಿ ಮೇಲೆ ಮಲಗಿಸಿದೆ. ಒಂದು ತುದಿ ಬೆರಳಲ್ಲಿ ಅದುಮಿದ್ರೆ ಇನ್ನೊಂದು ತುದಿ ಕನ್ನಡಿಯಿಂದ ಕೂದಲೆಳೆ ಅಷ್ಟು ಎದ್ದು ಟಿಕ್ ಅಂತ ಬಡೀತಿತ್ತು. ಕನ್ನಡೀಲಿ ಅದರ ಬಿಂಬಾನೂ ಕಾಣುತ್ತಲ್ಲ, ತಂತಿಗೂ ಬಿಂಬಕ್ಕೂ ಮಧ್ಯ ಸಂದಿ ಕಂಡ್ರೆ ಸೊಟ್ಟ ಇದೆ ಅಂತ ಅರ್ಥ. ಎರಡು ಇಕ್ಕಳದಲ್ಲಿ ಹಿಡಿದು ಒಂಚೂರು ತಿರುಚಿ, ಕನ್ನಡಿ ಮೇಲಿಟ್ಟು, ಅದುಮಿ, ಮತ್ತೆ ತಿರುಚಿ, ಜಾಸ್ತಿ ಆಗೋಯ್ತು, ವಾಪಸ್ ತಿರುಚಿ, ಒಂದು ಏಳೆಂಟು ಸಲ ಆದ್ಮೇಲೆ ಟಿಕ್ ನಿಂತೋಯ್ತು. ಸತ್ಯವಾಗ್ಲೂ ಹೇಳ್ತೀನಿ, ನಾಲ್ಕು ವಾರದಲ್ಲಿ ನಂಗೆ ಭಾರೀ ಖುಷಿ ಕೊಟ್ಟ ಕ್ಷಣ ಅದೇ. ಆಮೇಲೆ ಸಣ್ಣ ಸ್ಟೆಮ್ಮುಗಳ ತಳದಲ್ಲಿ ಎರಡು ಕಡ್ಡಿ ಥರ ಕಾಲು ಚಾಚ್ಕೊಂಡಿರುತ್ತೆ, ಅದನ್ನ ಸಮವಾಗಿ ಕತ್ತರಿಸಿದೆ, ತಳ ಚಪ್ಪಟೆ ಕೂರ್ಲಿ ಅಂತ. ತಂತಿ ತುದಿಗೆ ಸಿಲಿಕಾನ್ ಡೈಎಲೆಕ್ಟ್ರಿಕ್ ಗ್ರೀಸು, ಇಲ್ಲಿ ಮಾತ್ರ ಜಿಪುಣತನ ಬೇಡ, ಧಾರಾಳವಾಗಿ ತುಂಬಿ. ಸ್ಟೆಮ್ ಬಂದು ಬೋರ್ಡಿಗೆ ಬಡಿಯೋ ಜಾಗಕ್ಕೆ ಬಟ್ಟೆ ಬ್ಯಾಂಡೇಡಿನ ಅಂಟಿರೋ ಭಾಗ ಸಣ್ಣ ಚೌಕ ಕತ್ತರಿಸಿ ಅಂಟಿಸಿದೆ, ಗಾಯದ ಮೇಲೆ ಬರೋ ಹತ್ತಿ ಭಾಗ ಅಲ್ಲ. ಬ್ಯಾಕ್‌ಸ್ಪೇಸು, ಎಂಟರ್ರು, ಸ್ಪೇಸು ಇದೇ ಥರ. ಬಲ ಶಿಫ್ಟಿಗೆ ಬರೋ ಹೊತ್ತಿಗೆ ರಾತ್ರಿ ಒಂದು ಗಂಟೆ, ಗ್ರೀಸ್ ಟ್ಯೂಬೂ ಖಾಲಿ. ನಾನು ಜನ್ಮದಲ್ಲಿ ಬಲ ಶಿಫ್ಟು ಬಳಸಿಲ್ಲ. ಬಿಟ್ಟೆ.

ಬೋರ್ಡು ಹೆಂಗೂ ಹೊರಗಿತ್ತು, ಕೀಬೋರ್ಡಿನ ಡಬ್ಬದೊಳಗೆ ಖಾಲಿ ಜಾಗಕ್ಕೆ ಫೋಮ್ ಹಾಕ್ದೆ. ಸ್ಟೇಷನರಿ ಅಂಗಡೀಲಿ ಸ್ಕೂಲ್ ಮಕ್ಕಳ ಪ್ರಾಜೆಕ್ಟಿಗೆ ಕೊಡ್ತಾರಲ್ಲ ಬಣ್ಣದ ಇವಿಎ ಶೀಟು, ಅದೇ, ಗುಲಾಬಿ ಬಣ್ಣ ಒಂದೇ ಇತ್ತು. ಎರಡು ಪದರ ಹಾಕಿದ್ದಕ್ಕೆ ಬೋರ್ಡು ನಡೂಲಿ ಉಬ್ಬಿ ಸ್ಕ್ರೂ ಕೂರಲಿಲ್ಲ, ಒಂದು ತೆಗೆದೆ. ಬೋರ್ಡಿನ ಹಿಂದೆ ಮಾಸ್ಕಿಂಗ್ ಟೇಪು ಮೂರು ಪದರನೂ ಅಂಟಿಸಿದೆ, ಎಲ್ರೂ ಹೇಳ್ತಾರೆ ಅಂತ. ಫೋಮಿಂದ ಟೊಳ್ಳು ಸದ್ದು ಕಮ್ಮಿ ಆಯ್ತು, ಟೇಪಿಂದ ಸೌಂಡಿನ ಬಣ್ಣ ಬದಲಾಯ್ತು ಅಷ್ಟೇ, ಮೌನಕ್ಕೆ ಅದರದ್ದೇನೂ ಕೊಡುಗೆ ಇಲ್ಲ ಅಂತ ನನ್ನ ಲೆಕ್ಕ.

ಈಗ ಹಾಲಲ್ಲಿ ಕೂತ್ರೆ ಕೀಬೋರ್ಡು ಹೆಚ್ಚೂಕಮ್ಮಿ ಕೇಳ್ಸೋದೇ ಇಲ್ಲ, ಫ್ಯಾನ್ ಸೌಂಡೇ ಜಾಸ್ತಿ. ಗೆದ್ದೆ ಅಂತ ತೊಟ್ಟಿಲಲ್ಲಿ ಫೋನ್ ಇಟ್ಟು ಹತ್ತು ಸಲ ಬಾಳೆಹಣ್ಣು ಹೊಡೆದು ಹಾಕಿ ಕೇಳಿದ್ರೆ, ದಬ ದಬ. ಸ್ವಲ್ಪ ಮೆತ್ತಗೆ, ಆದ್ರೆ ಇದೆ. ಹಾಲಲ್ಲಿ ಇಲ್ಲದ ಶಬ್ದ ರೂಮಲ್ಲಿ ಇದೆ! ತಲೆ ಕೆಟ್ಟೋಯ್ತು. ನಾನೇ ಹೋಗಿ ತೊಟ್ಟಿಲ ಪಕ್ಕ ಕೂತು ಹೆಂಡ್ತಿಗೆ ಟೈಪ್ ಮಾಡೋಕೆ ಹೇಳ್ದೆ. ಗೋಡೆಗೆ ಕಿವಿ ಇಟ್ಟೆ. ಶಬ್ದ ಗಾಳೀಲಿ ಬರ್ತಿಲ್ಲ, ಗೋಡೇಲೇ ಬರ್ತಿದೆ.

ನನ್ನ ಟೇಬಲ್ಲು ಕಬ್ಬಿಣದ ಫ್ರೇಮಿಂದು, ಅದರ ಹಿಂದಿನ ಪಟ್ಟಿ ಗೋಡೆಗೆ ಒತ್ತಿ ನಿಂತಿತ್ತು. ಕೀಬೋರ್ಡಿನ ತಳದ ನಾಲ್ಕು ರಬ್ಬರ್ ಪಾದದಲ್ಲಿ ಎರಡು ಯಾವಾಗ್ಲೋ ಉದುರೋಗಿದ್ವು. ಬೆರಳಿಂದ ಕೀಬೋರ್ಡಿಗೆ, ಕೀಬೋರ್ಡಿಂದ ಹಲಗೆಗೆ, ಹಲಗೆಯಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಗೋಡೆಗೆ, ಗೋಡೆ ಆ ಕಡೆ ತೊಟ್ಟಿಲು. ಟಕ್ ಟಕ್ ಅನ್ನೋ ಕೀಚಲು ಶಬ್ದಾನ ಗೋಡೆ ತಡೆಯುತ್ತೆ, ಮಂಕು ಗುದ್ದನ್ನ ಬಿಟ್ಕೊಡುತ್ತೆ, ಪಕ್ಕದ ಮನೆ ಹಾಡಲ್ಲಿ ನಮಗೆ ಕೇಳೋದು ಬರೀ ಡ್ರಮ್ಮೇ ಅಲ್ವಾ. ಟೇಬಲ್ಲನ್ನ ಎರಡು ಇಂಚು ಈಚೆ ಎಳೆದೆ. ಹರಿದೋಗಿದ್ದ ಯೋಗ ಮ್ಯಾಟಿಂದ ಒಂದು ಪಟ್ಟಿ ಕತ್ತರಿಸಿ ಕೀಬೋರ್ಡ್ ಕೆಳಗೆ ಹಾಕಿದೆ, ಉಳಿದ ತುಂಡು ಟೇಬಲ್ ಕಾಲುಗಳ ಕೆಳಗೆ. ಐದು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ರೆಕಾರ್ಡಿಂಗಲ್ಲಿ ಫ್ಯಾನು, ದೂರದಲ್ಲಿ ಒಂದು ನಾಯಿ, ಅಷ್ಟೇ.

ಹಂಗಾದ್ರೆ ಟೇಬಲ್ ಎಳೆದಿದ್ರೇ ಸಾಕಿತ್ತಾ ಅಂತ ಅನುಮಾನ ಬಂತು, ಒಂದಿಷ್ಟು ಬ್ಲೂ ವಾಪಸ್ ಹಾಕಿ ನೋಡಿದೆ. ಇಲ್ಲ, ಸಾಕಾಗ್ತಿರ್ಲಿಲ್ಲ. ಗುದ್ದು ಬರ್ಲಿಲ್ಲ, ಆದ್ರೆ ಟಕ್ ಬಾಗಿಲ ಸಂದಿಯಿಂದ ತೆಳ್ಳಗೆ ಬಂದೇ ಬಂತು. ಬ್ರೌನಾದ್ರೆ ಸಾಕಾಗ್ತಿತ್ತೇನೋ, ಆ 90 ಸೈಲೆಂಟ್ ಸ್ವಿಚ್ಚಿನ ದುಡ್ಡು ಉಳೀತಿತ್ತೇನೋ. ಅದನ್ನ ಮಾತ್ರ ಟೆಸ್ಟ್ ಮಾಡೋಕೆ ಹೋಗಿಲ್ಲ, ಮಾಡೋದೂ ಇಲ್ಲ.

ಮೂರು ವಾರ ಆಯ್ತು, ಹನ್ನೊಂದೂವರೆ ತನಕ ಆರಾಮಾಗಿ ಕುಟ್ತೀನಿ. ಮೊನ್ನೆ ರಾತ್ರಿ ಮಾತ್ರ ಮಗು ಎದ್ದು ಕೂತ್ಕೊಂಡ್ತು. ನಾನಲ್ಲ, ನಾನು ಅಡಿಗೆ ಮನೇಲಿ ಹಾಲು ಕಾಯಿಸ್ತಿದ್ದೆ. ನನ್ ಸಿಸ್ಟಮಲ್ಲಿ ಕೂತು ಏನೋ ಆನ್‌ಲೈನ್ ಫಾರ್ಮು ತುಂಬ್ತಿದ್ದೋಳು ನನ್ ಹೆಂಡ್ತಿ, ಎಲ್ಲಾ ಕ್ಯಾಪಿಟಲ್ ಅಕ್ಷರದಲ್ಲಿ, ಕ್ಯಾಪ್ಸ್ ಲಾಕ್ ಒತ್ತೋ ಅಭ್ಯಾಸ ಇಲ್ಲ ಅವಳಿಗೆ, ಒಂದೊಂದು ಅಕ್ಷರಕ್ಕೂ ಬಲಗಡೆ ಶಿಫ್ಟು. ಈ ಶನಿವಾರ ಗ್ರೀಸ್ ತರ್ಬೇಕು.